ಹಾಸಿಗೆ ಎಷ್ಟಿದೆ?

ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್ ಮೆಷಿನ್ ಓಡಿಸುವವರಿಗೆಲ್ಲ ಗೊತ್ತಿರೋ ಕಾಟ ಇದು. ವಿಎಂ ಆನ್ ಮಾಡಿದ ಎರಡೇ ನಿಮಿಷಕ್ಕೆ ಫ್ಯಾನ್ ಬೊಬ್ಬೆ ಹೊಡೆಯೋಕೆ ಶುರು. ಒಳಗಿನ ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದರೆ ಸಿಪಿಯು ಬಳಕೆ ಶೇ 10. ಹೊರಗಿನದನ್ನು ತೆರೆದರೆ ಶೇ 100. ಎರಡೂ ಸುಳ್ಳು ಹೇಳ್ತಿಲ್ಲ. ಒಂದೇ ಮೆಷಿನ್ನು, ಎರಡು ಲೆಕ್ಕ. ನನಗೆ ಇಲ್ಲೊಂದು ನೀತಿಯ ಪ್ರಶ್ನೆ ಕಾಣುತ್ತೆ: ನನ್ನ ಲೆಕ್ಕದಲ್ಲಿ ಕಾಣದ ಭಾರಕ್ಕೆ ನಾನು ಜವಾಬ್ದಾರನಾ?

ವಿಎಂ ನಿಂತಿರೋದೇ ಒಂದು ಒಪ್ಪಿತ ಸುಳ್ಳಿನ ಮೇಲೆ. 'ಈ ಮೆಷಿನ್ ಪೂರ್ತಿ ನಿನ್ನದೇ' ಅಂತ ಹೈಪರ್‌ವೈಸರ್ ಪ್ರತಿ ಗೆಸ್ಟ್‌ಗೂ ಹೇಳುತ್ತೆ. 1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಇದಕ್ಕೆ ನಿಯಮ ಬರೆದರು. ಒಳಗೆ ಓಡುವ ಪ್ರೋಗ್ರಾಂಗೆ ಎಲ್ಲವೂ ನಿಜವಾದ ಯಂತ್ರದಂತೆಯೇ ಇರಬೇಕು. ಅದಕ್ಕೆ ಅವರು ಕೊಟ್ಟ ವಿನಾಯಿತಿ ಎರಡು: ಸಮಯ, ಮತ್ತು ಸಿಗುವ ಸಂಪನ್ಮೂಲ. ಸುಳ್ಳು ಸೋರೋದು ಅಲ್ಲಿಂದಲೇ. ಎಲ್ಲ ಸರಿಯಾಗೇ ಇರುತ್ತೆ, ತಡ ಆಗುತ್ತೆ ಅಷ್ಟೇ.

ಸಿರುಗುಪ್ಪದ ನನ್ನ ಗೆಳೆಯನೊಬ್ಬ ಬಳ್ಳಾರಿಯಲ್ಲಿ ರೂಮ್ ಮಾಡಿಕೊಂಡು ಕಂಪನಿ ಕೆಲಸ ಮಾಡ್ತಾನೆ. ಒಂದು ಏಪ್ರಿಲ್ ಮಧ್ಯಾಹ್ನ ಫೋನ್ ಮಾಡಿ, "ಲೇ, ಮೊದಲೇ ಬಿಸಿಲು ಹಿಂಗೈತಿ, ಇದರ ಮೇಲೆ ದ್ವಾಸಿ ಹುಯ್ಕೋಬಹುದು ನೋಡು" ಅಂದ. ಮಾಮೂಲಿ ಪಟ್ಟಿ ಶುರುವಾಯ್ತು. ಬಯೋಸ್‌ನಲ್ಲಿ ವರ್ಚುವಲೈಸೇಷನ್ ಆನ್ ಇದೆಯಾ? ಇದೆ. ಗೆಸ್ಟ್‌ಗೆ ಬೇಕಾದ ಡ್ರೈವರ್‌ಗಳನ್ನು ಹಾಕಿದ್ದೀಯಾ? ಅವಿಲ್ಲದಿದ್ದರೆ ತೆರೆಯ ಮೇಲಿನ ಪ್ರತಿ ಚಿತ್ರವನ್ನೂ ಪ್ರೊಸೆಸರ್ರೇ ಬಿಡಿಸಬೇಕು. ಹಾಕಿದ್ದ. ಹೊರಗಿನ ಆ್ಯಂಟಿವೈರಸ್ ವಿಎಂನ ಡಿಸ್ಕ್ ಫೈಲನ್ನೇ ಕೆದಕ್ತಾ ಕೂತಿದೆಯಾ? ಇಲ್ಲ. ಕೊನೆಗೆ ಕೇಳಿದೆ, ವಿಎಂಗೆ ಎಷ್ಟು ಕೋರ್ ಕೊಟ್ಟೀಯ? "ನಾಲ್ಕು." ಲ್ಯಾಪ್‌ಟಾಪಲ್ಲಿ ಇರೋದು? "ನಾಲ್ಕೇ." ಎರಡಕ್ಕೆ ಇಳಿಸು ಅಂದೆ. ಇಳಿಸಿದ. ಫ್ಯಾನ್ ತಣ್ಣಗಾಯ್ತು, ವಿಎಂ ಕೂಡ ಚುರುಕಾಯ್ತು. "ಅರ್ಧ ಕಿತ್ಕೊಂಡ್ರ ಜೋರು ಓಡ್ತತಲ್ಲೋ!" ಅಂತ ನಕ್ಕ.

ಕಾರಣ ಸರಳ. ಗೆಸ್ಟ್ ನಾಲ್ಕೂ ಕೋರ್ ಹಿಡಿದು ಕೂತಾಗ, ಅದಕ್ಕೆ ಡಿಸ್ಕ್, ನೆಟ್‌ವರ್ಕ್, ತೆರೆ ಎಲ್ಲ ಒದಗಿಸಬೇಕಾದ ಹೋಸ್ಟ್‌ಗೆ ಜಾಗವೇ ಇರೋದಿಲ್ಲ. ಊಟ ಬಡಿಸೋರನ್ನೂ ಎಬ್ಬಿಸಿ ಪಂಕ್ತಿಯಲ್ಲಿ ಕೂತಂಗೆ.

ಅವನ ಊರಲ್ಲಿ ಇದೇ ಲೆಕ್ಕ ನೀರಿನಲ್ಲಿ ನಡೆಯುತ್ತೆ. ತುಂಗಭದ್ರಾ ಜಲಾಶಯದಿಂದ ಹೊರಡುವ ಬಲದಂಡೆ ಕೆಳಮಟ್ಟದ ಕಾಲುವೆ ಕುರುಗೋಡು, ಸಿರುಗುಪ್ಪ ಸೀಮೆಗೆ ನೀರುಣಿಸಿ ಆಂಧ್ರಕ್ಕೆ ಹೋಗುತ್ತೆ. ಈ ಯೋಜನೆ ಹುಟ್ಟಿದ್ದು ಬರದ ನಾಡಿಗೆ ಆಸರೆಯಾಗಿ. ಇದ್ದ ನೀರನ್ನು ತೆಳ್ಳಗೆ ಹರಡಿ, ಆದಷ್ಟು ಹೆಚ್ಚು ಹೊಲಗಳಿಗೆ ಮುಟ್ಟಿಸೋದು. ಅದಕ್ಕೇ ಬಹುಪಾಲು ಜಮೀನನ್ನು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ ಅಂತ ಗುರುತು ಮಾಡಿದರು. ನೀರು ಬಂದಮೇಲೆ ಬೆಳೆದದ್ದು ಭತ್ತ. ಜೊತೆಗೆ, 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಯಂತ್ರ ಸಣ್ಣದಾಯ್ತು, ಕೊಟ್ಟ ಮಾತು ದೊಡ್ಡದಾಗೇ ಉಳೀತು. ಕಂಪ್ಯೂಟರ್‌ನವರು ಇದಕ್ಕೆ ಓವರ್‌ಕಮಿಟ್ ಅಂತಾರೆ.

ಹಾಗಾದರೆ ತಪ್ಪು ಯಾರದು? ಕಾಲುವೆಯ ಮೇಲ್ಭಾಗದ ರೈತನಿಗೆ ಕಾಣೋದು ಅವನ ತೂಬು. ಅವನ ಗದ್ದೆಯಲ್ಲಿ ಎಲ್ಲ ನೆಟ್ಟಗಿದೆ, ಶೇ 10. ಭಾರ ಬೀಳೋದು ಕೊನೆಭಾಗದವನ ಮೇಲೆ. ಆದರೆ ಮೇಲಿನವನನ್ನು ದುರಾಸೆಯವನು ಅಂತ ಬೈದರೆ ಮುಗೀತಾ? ಭತ್ತಕ್ಕೆ ಮಾರುಕಟ್ಟೆ ಇದೆ. ಪಕ್ಕದವನು ಭತ್ತ ಹಾಕಿದರೆ ಬಸಿನೀರಿಗೆ ಇವನ ಜೋಳ ಕೊಳೆಯುತ್ತೆ. ಒಬ್ಬನೇ ಸಂಯಮ ತೋರಿಸಿದರೆ ಅವನ ಬೆಳೆಯೇ ಹೋಗುತ್ತೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ಹಿರಿಯರು. ಸರಿ. ಆದರೆ ಹಾಸಿಗೆ ಎಷ್ಟಿದೆ ಅಂತಲೇ ಯಾರೂ ಹೇಳದಿದ್ದರೆ?

ಇರೋದಕ್ಕಿಂತ ಹೆಚ್ಚು ಹಂಚೋದೇ ಪಾಪ ಅಂತ ನನಗನ್ನಿಸಲ್ಲ. ಹಾಗೆ ಹಂಚದಿದ್ದರೆ ಕ್ಲೌಡ್ ಸರ್ವರ್ ನಮ್ಮ ಜೇಬಿಗೆ ಎಟುಕುತ್ತಿರಲಿಲ್ಲ, ಕಾಲುವೆ ನೀರು ಜಲಾಶಯದ ಸುತ್ತಲಿನ ನಾಲ್ಕು ಊರಿಗೇ ಮುಗಿಯುತ್ತಿತ್ತು. ಲೆಕ್ಕ ಮುಚ್ಚಿಡೋದು ಮಾತ್ರ ಪಾಪ. ಕ್ಲೌಡ್‌ನ ಎಷ್ಟೋ ಲಿನಕ್ಸ್ ಗೆಸ್ಟ್‌ಗಳಲ್ಲಿ ಟಾಪ್ ಅಂತ ಕೊಟ್ಟರೆ ಎಸ್‌ಟಿ ಅನ್ನೋ ಒಂದು ಅಂಕಿ ಬರುತ್ತೆ: ನಾನು ಓಡಲು ಸಿದ್ಧನಿದ್ದೆ, ಆ ಹೊತ್ತು ಬೇರೆಯವರಿಗೆ ಹೋಯ್ತು ಅನ್ನೋ ಲೆಕ್ಕ. ನನಗೆ ಅದು ಬಹಳ ಪ್ರಾಮಾಣಿಕ ಅಂಕಿ ಅನ್ನಿಸುತ್ತೆ. ಆದರೆ ಅದು ಹೇಳೋದು ನಾನು ಕಳೆದುಕೊಂಡದ್ದನ್ನು ಮಾತ್ರ. ನನ್ನಿಂದ ಬೇರೆಯವರು ಎಷ್ಟು ಕಾದರು ಅನ್ನೋ ಅಂಕಿ ಯಾವ ಗೆಸ್ಟ್‌ಗೂ ಕಾಣೋದಿಲ್ಲ. ಅದನ್ನು ನೋಡೋಕೆ ಹೋಸ್ಟ್‌ಗೇ ಬರಬೇಕು.

ಹಾಗಾಗಿ ನನ್ನ ಉತ್ತರ ಇಷ್ಟು. ಕಾಣದ ಭಾರಕ್ಕೆ ಗೆಸ್ಟ್ ಅಪರಾಧಿಯಲ್ಲ. ಹೊರಗೆ ಬಂದು ನೋಡೋ ಅವಕಾಶ ಇದ್ದೂ ನೋಡದವನು ಅಪರಾಧಿ. ಪ್ರೊಸೆಸರ್‌ಗಿರೋ ಅನುಕೂಲ ನಮಗಿಲ್ಲ ನಿಜ: ಅಲ್ಲಿ ಶೆಡ್ಯೂಲರ್ ಯಾರ ಮುಲಾಜೂ ಇಲ್ಲದೆ ಸರದಿ ಹಂಚುತ್ತೆ. ಕಾಲುವೆಗೆ ನೀರು ಕಡಿಮೆಯಾದಾಗ ಬರೋ 'ಆನ್ ಅಂಡ್ ಆಫ್' ಪದ್ಧತಿಯೂ ಅದೇ, ಆದರೆ ಅದು ನಡೆಯೋಕೆ ತೂಬಿನ ಹತ್ತಿರ ನಿಂತ ಮನುಷ್ಯರು ಒಪ್ಪಬೇಕು.

ನಾವು ಆಫೀಸಿನವರು ಹೆಚ್ಚುಕಡಿಮೆ ಎಲ್ಲರೂ ಮೇಲ್ಭಾಗದ ರೈತರೇ. ಹತ್ತು ನಿಮಿಷದಲ್ಲಿ ದಿನಸಿ ಬರುತ್ತೆ, ಟ್ಯಾಂಕರ್ ನೀರು ಬರುತ್ತೆ, ಒಬ್ಬನೇ ಜೂನಿಯರ್‌ನ ಅರ್ಧರ್ಧ ಸಮಯವನ್ನು ಮೂರು ಪ್ರಾಜೆಕ್ಟ್‌ಗೆ ಬರೆದಿರ್ತೀವಿ. ನಮ್ಮ ತೆರೆಯ ಮೇಲೆ ಎಲ್ಲವೂ ಶೇ 10. ಫ್ಯಾನ್ ಕೂಗೋದು ಇನ್ನೊಬ್ಬರ ಮನೆಯಲ್ಲಿ. ವಾರಕ್ಕೊಮ್ಮೆಯಾದರೂ ಹೊರಗಿನ ಟಾಸ್ಕ್ ಮ್ಯಾನೇಜರ್ ತೆರೆದು ನೋಡೋಣ. ಎರಡು ಕೋರ್ ಬಿಟ್ಟುಕೊಟ್ಟರೆ ನಮ್ಮ ಕೆಲಸ ನಿಲ್ಲುತ್ತಾ ಅಂತ ಒಮ್ಮೆ ಪರೀಕ್ಷೆ ಮಾಡೋಣ. ಎಷ್ಟೋ ಸಲ ನಿಲ್ಲೋದಿಲ್ಲ.