ದಾಖಲೆಯ ಸ್ಥಿತಿಕಾಲ: ಕರ್ಮಸಿದ್ಧಾಂತ ಮತ್ತು ಲಾಗ್ ಸರ್ವರ್

ಮಾಡಿದ ಕೆಲಸದ ಗುರುತು ಎಲ್ಲಿ ಉಳಿಯುತ್ತದೆ, ಎಷ್ಟು ಕಾಲ ಉಳಿಯುತ್ತದೆ ಎಂಬ ಪ್ರಶ್ನೆಗೆ ಭಾರತೀಯ ಪರಂಪರೆಯಲ್ಲಿ ಒಂದೇ ಉತ್ತರವಿಲ್ಲ. ಪುರಾಣಗಳ ಚಿತ್ರಗುಪ್ತ ಕರ್ತೃವಿನಿಂದ ಬೇರೆಯಾಗಿ ನಿಂತು ಲೆಕ್ಕ ಬರೆಯುತ್ತಾನೆ. ಜೈನ ದರ್ಶನದಲ್ಲಾದರೋ ಬರೆಯುವವನೇ ಇಲ್ಲ, ಕರ್ಮವು ಸೂಕ್ಷ್ಮ ಪುದ್ಗಲವಾಗಿ, ಅಂದರೆ ಜಡದ್ರವ್ಯದ ಕಣಗಳಾಗಿ, ಜೀವಕ್ಕೇ ಅಂಟಿಕೊಳ್ಳುತ್ತದೆ. ತುಮಕೂರಿನ ಬಳಿಯ ಮಂದರಗಿರಿಯ ಬಸದಿಗಳನ್ನು ಕಂಡವರಿಗೆ ಈ ಎರಡನೆಯ ವಿಚಾರ ದೂರದ್ದೆನಿಸದು.

ಗುರುತಿನ ಇದೇ ಪ್ರಶ್ನೆ ಕಂಪ್ಯೂಟರಿನಲ್ಲೂ ಏಳುತ್ತದೆ. ಅದರೊಳಗೆ ಯಾರು ಯಾವಾಗ ಬಂದರು, ಏನನ್ನು ಬದಲಿಸಿದರು ಎಂಬುದರ ಸಾಲುಸಾಲು ದಾಖಲೆಯೇ ಲಾಗ್. ಅದನ್ನು ಒಂದೆಡೆ ಕೂಡಿಡಲು ಮೀಸಲಾದ ಯಂತ್ರ ಲಾಗ್ ಸರ್ವರ್. ತುಮಕೂರು ನಗರದಲ್ಲಿ ಕೇಂದ್ರ ಕಚೇರಿಯೂ ಗುಬ್ಬಿ, ಕುಣಿಗಲ್‌ಗಳಲ್ಲಿ ಶಾಖೆಗಳೂ ಇರುವ ಒಂದು ಸಹಕಾರ ಸಂಘವನ್ನು ಊಹಿಸಿಕೊಂಡರೆ, ಶಾಖೆಯ ಕಂಪ್ಯೂಟರಿಗೆ ಕಳ್ಳದಾರಿಯಲ್ಲಿ ನುಗ್ಗಿದವನು ಅಲ್ಲಿನ ತನ್ನ ಗುರುತನ್ನು ಅಳಿಸಬಲ್ಲನಾದ್ದರಿಂದ, ದಾಖಲೆಯ ಒಂದು ಪ್ರತಿ ತುಮಕೂರಿನಲ್ಲಿರಬೇಕಾಗುತ್ತದೆ. ಈ ಮಟ್ಟಿಗೆ ಯಂತ್ರ ಚಿತ್ರಗುಪ್ತನ ಪಕ್ಷದ್ದು. ಆದರೆ ಅವನ ಸರ್ವಜ್ಞತೆ ಅದಕ್ಕಿಲ್ಲ. ಸರ್ವರಿಗೆ ಬದಲಾಗದ ಐಪಿ ವಿಳಾಸ ಕೊಡದಿದ್ದರೆ ಗುಬ್ಬಿಯ ಯಂತ್ರ ಹಳೆಯ ವಿಳಾಸಕ್ಕೇ ಕಳಿಸುತ್ತಿರುತ್ತದೆ. ಸಿಸ್‌ಲಾಗ್ ಎಂಬ ಲಾಗ್ ರವಾನೆಯ ಪದ್ಧತಿ ರೂಢಿಯಲ್ಲಿ 514ನೆಯ ಪೋರ್ಟಿನ ಮೂಲಕ ಬಳಸುವ ಯುಡಿಪಿ ವಿಧಾನದಲ್ಲಿ ‘ತಲುಪಿತು’ ಎಂಬ ಮಾರುತ್ತರವೇ ಇಲ್ಲವಾಗಿ, ದಾರಿಯಲ್ಲಿ ಕಳೆದುಹೋದ ಸಾಲು ಕಳಿಸಿದವನಿಗೂ ತಿಳಿಯುವುದಿಲ್ಲ. ಆದರೂ ಆ ಸಾಲು ಹೇಳಬೇಕಿದ್ದ ಕೆಲಸ ನಡೆದಿದೆ. ದಾಖಲೆಯಿಲ್ಲದ್ದನ್ನು ನಡೆದೇ ಇಲ್ಲವೆನ್ನುವುದು ಕಚೇರಿಗಳ ತರ್ಕವಿರಬಹುದು, ಯಾವ ಕರ್ಮವಾದಿಯೂ ಅದನ್ನು ಒಪ್ಪಲಾರ.

ದಾಖಲೆಯನ್ನು ಡಿಸ್ಕಿನಲ್ಲಿ ಎಷ್ಟು ಕಾಲ ಇಡಬೇಕೆಂಬ ವಿಷಯಕ್ಕೆ ಬಂದರೆ ಜೈನ ಚಿಂತನೆಯೇ ಹೆಚ್ಚು ಉಪಯುಕ್ತ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಬಂಧವನ್ನು, ಅಂದರೆ ಕರ್ಮ ಜೀವಕ್ಕೆ ಅಂಟುವುದನ್ನು, ಪ್ರಕೃತಿ, ಸ್ಥಿತಿ, ಅನುಭಾಗ, ಪ್ರದೇಶವೆಂದು 4 ಬಗೆಯಾಗಿ ವಿಂಗಡಿಸುತ್ತದೆ. ಇವುಗಳಲ್ಲಿ ಸ್ಥಿತಿಯೆಂದರೆ ಕರ್ಮ ಜೀವಕ್ಕೆ ಅಂಟಿಕೊಂಡಿರುವ ಕಾಲಾವಧಿ. ಸುಖದುಃಖಗಳ ಅನುಭವ ಕೊಡುವ ವೇದನೀಯ ಕರ್ಮಕ್ಕೆ ಕನಿಷ್ಠ 12 ಮುಹೂರ್ತ, ಮೋಹಗೊಳಿಸುವ ಮೋಹನೀಯಕ್ಕೆ ಗರಿಷ್ಠ 70 ಕೋಟಾಕೋಟಿ ಸಾಗರೋಪಮ (ಎಣಿಕೆಗೆ ಸಿಗದಷ್ಟು ದೀರ್ಘ ಕಾಲಮಾನ) ಎಂದು ಬಗೆಬಗೆಗೆ ಬೇರೆ ಬೇರೆ ಲೆಕ್ಕವಿದೆ. ಯಂತ್ರದ ಅವಧಿ ಇಷ್ಟು ಭವ್ಯವಲ್ಲ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಕಾಪಿಡಬೇಕು. ದಿನಕ್ಕೆ 2 ಜಿಬಿ ಬಂದರೆ ಅದಕ್ಕೆ 360 ಜಿಬಿ ಬೇಕು. ಒಂದೇ ದಾಖಲೆಯನ್ನು ಎರಡು ಡಿಸ್ಕುಗಳಲ್ಲಿ ಬರೆಯುವ ರೇಡ್ 1 ಏರ್ಪಾಟಿನಲ್ಲಿ ಎರಡರಲ್ಲೂ ಅಷ್ಟಷ್ಟು ಜಾಗವಿರಬೇಕು. ಲಾಗ್‌ಗೆ ಪ್ರತ್ಯೇಕ ವಿಭಾಗ ಮಾಡದಿದ್ದರೆ ತುಂಬಿದ ದಾಖಲೆ ಯಂತ್ರವನ್ನೇ ನಿಲ್ಲಿಸೀತು.

ಜೈನ ಪರಿಭಾಷೆಯಲ್ಲಿ ಕರ್ಮದ ಒಳಹರಿವು ಆಸ್ರವ, ಅದನ್ನು ತಡೆಯುವುದು ಸಂವರ, ಅಂಟಿದ್ದು ಕಳಚುವುದು ನಿರ್ಜರೆ. ಬರುವ ನೀರನ್ನು ಕಟ್ಟಿ, ಒಳಗಿದ್ದದ್ದನ್ನು ಬತ್ತಿಸಿದ ಕೆರೆಯ ಹೋಲಿಕೆಯನ್ನು ಜೈನಾಗಮವೇ ಕೊಡುತ್ತದೆ. ಕೆರೆ ಕಂಡ ಕುಣಿಗಲ್ ಸೀಮೆಯವರಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ. ಅವಧಿ ತೀರಿ ತಾನಾಗಿ ಕಳಚುವುದು ಸವಿಪಾಕ ನಿರ್ಜರೆ. 180 ದಿನ ಕಳೆದ ಲಾಗ್ ಅಳಿಯುವುದನ್ನು ಅದಕ್ಕೆ ಹೋಲಿಸಬಹುದು. ತಪಸ್ಸಿನಿಂದ ಕಾಲಕ್ಕೆ ಮೊದಲೇ ಕಳಚುವ ಅವಿಪಾಕ ನಿರ್ಜರೆಯಲ್ಲಿ ಮಾತ್ರ ಹೋಲಿಕೆ ಮುರಿಯುತ್ತದೆ. ತಪಸ್ವಿ ತನ್ನದೇ ಕರ್ಮವನ್ನು ಕಷ್ಟಪಟ್ಟು ಕಳೆಯುತ್ತಾನೆ. ಅವಧಿಗೆ ಮೊದಲೇ ಲಾಗ್ ಅಳಿಸುವ ಅಧಿಕಾರಿ ಫಲದಿಂದ ನುಣುಚಿಕೊಳ್ಳುತ್ತಾನೆ, ಜೊತೆಗೆ ಇತರರ ಸಾಕ್ಷಿಯನ್ನೂ ಅಳಿಸುತ್ತಾನೆ. ಆದ್ದರಿಂದಲೇ ಅಳಿಸುವ ಹಕ್ಕನ್ನು ಶಾಖೆಗೆ ಕೊಡದೆ, ಅಳಿಸಿದ ಕ್ರಿಯೆಯೂ ಇನ್ನೊಂದು ಲಾಗ್ ಆಗುವಂತೆ ಏರ್ಪಡಿಸುವುದು ಸರಿ. ಕಳಚುವ ಕ್ರಿಯೆಯೇ ಹೊಸ ಗುರುತು ಬಿಡಬಹುದೆಂಬುದು ಜೈನರಿಗೂ ಗೊತ್ತು: ಫಲಾಪೇಕ್ಷೆಯಿಂದ ಮಾಡಿದ ತಪಸ್ಸನ್ನು ನಿದಾನವೆಂಬ ದೋಷವಾಗಿ ಕಂಡ ಜೈನ ಆಚಾರ್ಯರೂ ಅಂಥ ತಪಸ್ಸಿನಿಂದ ಹೊಸ ಬಂಧ ಉಂಟಾಗುತ್ತದೆಂದೇ ಹೇಳಿದ್ದಾರೆ.