ಚಂದಾ ಎತ್ತುವವರನ್ನು ಆರಿಸುವಾಗ

ಅಮೆರಿಕದಲ್ಲಿ ಪಾದ್ರಿಗಳನ್ನು ತಯಾರು ಮಾಡುವ ಕ್ರೈಸ್ತ ಧರ್ಮಶಾಸ್ತ್ರ ವಿದ್ಯಾಲಯಗಳನ್ನು ಸೆಮಿನರಿ ಎನ್ನುತ್ತಾರೆ. ನಮ್ಮ ಅರಬಿ ಮದ್ರಸಗಳಿಗೂ ಅವುಗಳಿಗೂ ಒಂದು ದೊಡ್ಡ ಹೋಲಿಕೆಯಿದೆ. ಎರಡೂ ಜನರ ದಾನದ ಮೇಲೆ ನಿಂತಿವೆ. ಸೆಮಿನರಿಗಳು ಬಹಳ ತಲೆಕೆಡಿಸಿಕೊಂಡು ತುಂಬುವ ಹುದ್ದೆಗಳಲ್ಲಿ ನಿಧಿ ಸಂಗ್ರಹದ ಮುಖ್ಯಸ್ಥರ ಹುದ್ದೆಯೂ ಒಂದು. ಅವರು ಉಪಾಧ್ಯಕ್ಷರ ದರ್ಜೆಯವರು, ಸಂಬಳ ಪಡೆಯುವವರು. ಹಳೆಯ ವಿದ್ಯಾರ್ಥಿಗಳನ್ನೂ ಶ್ರೀಮಂತ ಭಕ್ತರನ್ನೂ ಕಂಡು ಮಾತಾಡುವುದು, ಉಯಿಲಿನಲ್ಲಿ ಸಂಸ್ಥೆಗೆ ಒಂದು ಪಾಲು ಬರೆಯುವಂತೆ ಒಲಿಸುವುದು ಅವರ ಕೆಲಸ.

ಇಂಥವರು ಏಕೆ ಬೇಕೆಂಬುದು ಊಹಿಸಲಾಗದ ಸಂಗತಿಯೇನಲ್ಲ. ಪಾದ್ರಿಯಾಗುವವನಿಗೆ ಮುಂದೆ ಸಿಗುವ ಸಂಬಳ ಅಷ್ಟಕ್ಕಷ್ಟೆ. ಅವನಿಂದ ವೈದ್ಯಕೀಯ ಕಾಲೇಜಿನಂತೆ ಶುಲ್ಕ ವಸೂಲು ಮಾಡಲಾಗದು. ನಿಧಿ ಬತ್ತಿದರೆ ಬಾಗಿಲು ಮುಚ್ಚಬೇಕು. 1807ರಲ್ಲಿ ಹುಟ್ಟಿದ ಆಂಡೋವರ್ ನ್ಯೂಟನ್‌ನಂಥ ಹಳೆಯ ಸೆಮಿನರಿಯೇ ತನ್ನ ನೆಲೆಯನ್ನು ಮಾರಿ, 2017ರಲ್ಲಿ ಯೇಲ್ ವಿಶ್ವವಿದ್ಯಾಲಯದ ಆಶ್ರಯಕ್ಕೆ ಸೇರಬೇಕಾಯಿತು. ಆದ್ದರಿಂದ ಆಯ್ಕೆ ಸಮಿತಿಯ ಮುಂದೆ ಕುಳಿತ ಅಭ್ಯರ್ಥಿಗೆ ಎದುರಾಗುವ ಮೊದಲ ಪ್ರಶ್ನೆ ಸಹಜವಾಗಿಯೇ, 'ಈವರೆಗೆ ಎಷ್ಟು ಹಣ ಎತ್ತಿದ್ದೀರಿ?' ಎಂಬುದಾಗಿರುತ್ತದೆ. ಧಾರ್ಮಿಕ ಸಂಸ್ಥೆಯೊಂದು ಕೇಳಬೇಕಾದ ಮೊದಲ ಪ್ರಶ್ನೆ ಇದೇ ಏನು?

ದೇವರ ಹೆಸರಿನಲ್ಲಿ ಕೇಳುವವನು ಸಂಬಳ ಪಡೆಯಬಹುದೇ ಎಂದು ಮೂಗು ಮುರಿಯುವವರಿದ್ದಾರೆ. ಅದು ನ್ಯಾಯವಲ್ಲ. ಪವಿತ್ರ ಕುರ್‌ಆನ್ 'ಅತ್ತೌಬಾ' ಅಧ್ಯಾಯದ 60ನೇ ಸೂಕ್ತದಲ್ಲಿ ಝಕಾತ್‌ನ ಎಂಟು ಹಕ್ಕುದಾರರನ್ನು ಹೆಸರಿಸುತ್ತದೆ. ಬಡವರು, ನಿರ್ಗತಿಕರ ನಂತರ ಮೂರನೆಯವರಾಗಿ ಬರುವವರು ಅದನ್ನು ಸಂಗ್ರಹಿಸುವ ಕೆಲಸಗಾರರು. ಕೆಲಸಕ್ಕೆ ಕೂಲಿ ಇದೆ. ಹಸಿದ ಹೊಟ್ಟೆಯವನ ಕೈಗೆ ಖಜಾನೆಯ ಕೀಲಿ ಕೊಟ್ಟು ಪ್ರಾಮಾಣಿಕನಾಗಿರು ಎನ್ನುವುದು ಧರ್ಮವಲ್ಲ.

ಆದರೆ ಕೂಲಿ ಬೇರೆ, ಪಾಲು ಬೇರೆ. ಪ್ರವಾದಿ ಮುಹಮ್ಮದ್(ಸ)ರು ಇಬ್ನುಲ್ ಲುತ್‌ಬಿಯ್ಯ ಎಂಬವರನ್ನು ಝಕಾತ್ ಸಂಗ್ರಹಕ್ಕೆ ಕಳುಹಿಸಿದ್ದರು. ಅವರು ಮರಳಿ ಬಂದು ಒಂದು ಭಾಗವನ್ನು ಒಪ್ಪಿಸಿ, ಉಳಿದದ್ದು ತನಗೆ ಬಂದ ಉಡುಗೊರೆ ಎಂದರು. ಪ್ರವಾದಿಯವರು ಸಿಟ್ಟಾದರು. ಆತ ತಂದೆತಾಯಿಯ ಮನೆಯಲ್ಲೇ ಕುಳಿತಿದ್ದರೆ ಈ ಉಡುಗೊರೆ ಹುಡುಕಿಕೊಂಡು ಬರುತ್ತಿತ್ತೇ ಎಂದು ಎಲ್ಲರೆದುರು ಕೇಳಿದರು. ಕೊಡುವವನು ಕೊಟ್ಟದ್ದು ಹುದ್ದೆಗೇ ಹೊರತು ವ್ಯಕ್ತಿಗಲ್ಲ. ಅಮೆರಿಕದ ನಿಧಿ ಸಂಗ್ರಾಹಕರ ವೃತ್ತಿ ಸಂಘದ ನೀತಿ ಸಂಹಿತೆಯೂ, ಎತ್ತಿದ ಹಣದಲ್ಲಿ ಶೇಕಡಾವಾರು ಪ್ರತಿಫಲ ಪಡೆಯಬಾರದೆಂದು ಹೇಳುತ್ತದೆ. ಕಾರಣ ಸರಳ. ಶೇಕಡಾವಾರು ಪಾಲಿನವನಿಗೆ ದಾನಿಯ ಮನಸ್ಸು ಮುಖ್ಯವಾಗುವುದಿಲ್ಲ, ಮೊತ್ತವೇ ಮುಖ್ಯವಾಗುತ್ತದೆ.

ಇದರ ಫಲವೇನೆಂಬುದನ್ನು ಕ್ರೈಸ್ತ ಜಗತ್ತಿನಷ್ಟು ಚೆನ್ನಾಗಿ ಬಲ್ಲವರು ಕಡಿಮೆ. 1517ರಲ್ಲಿ ಜರ್ಮನಿಯ ಊರೂರು ಸುತ್ತಿ ಪಾಪವಿಮೋಚನ ಪತ್ರಗಳನ್ನು ಮಾರುತ್ತಿದ್ದ ಜೊಹಾನ್ ಟೆಟ್ಜೆಲ್ ಒಂದರ್ಥದಲ್ಲಿ ಅಂದಿನ ನಿಧಿ ಸಂಗ್ರಹದ ಮುಖ್ಯಸ್ಥ. ಜನರಿಗೆ ಹೇಳಿದ್ದು ರೋಮಿನ ಸಂತ ಪೀಟರರ ಚರ್ಚಿನ ನಿರ್ಮಾಣಕ್ಕೆಂದು. ಆದರೆ ಅರ್ಧ ಹಣ ಹೋಗುತ್ತಿದ್ದುದು, ಆರ್ಚ್‌ಬಿಷಪ್ ಆಲ್ಬ್ರೆಕ್ಟ್ ತನ್ನ ಪದವಿಗಾಗಿ ಫುಗ್ಗರ್ ಲೇವಾದೇವಿ ಮನೆತನದಿಂದ ಎತ್ತಿದ್ದ ಸಾಲ ತೀರಿಸಲು. ಮಾರ್ಟಿನ್ ಲೂಥರರು ಸಿಡಿದೆದ್ದರು, ಪಶ್ಚಿಮದ ಚರ್ಚು ಎರಡಾಯಿತು. ಇಂದಿನ ಪ್ರೊಟೆಸ್ಟಂಟ್ ಸೆಮಿನರಿಗಳ ವಂಶಾವಳಿ ಶುರುವಾಗುವುದೇ ಚಂದಾ ಎತ್ತುವವನೊಬ್ಬನ ವಿರುದ್ಧದ ಜಗಳದಿಂದ ಎಂಬುದನ್ನು ಆಯ್ಕೆ ಸಮಿತಿಗಳು ಮರೆಯಬಾರದು.

ಟೆಟ್ಜೆಲ್ ಸುಳ್ಳು ಹೇಳಿ ಪಡೆದ. ಸುಳ್ಳು ಹೇಳದೆಯೂ ತಪ್ಪು ಹಣ ಪಡೆಯಲು ಸಾಧ್ಯವಿದೆ. 1812ರಲ್ಲಿ ಸ್ಥಾಪನೆಯಾದ ಪ್ರಿನ್ಸ್‌ಟನ್ ಸೆಮಿನರಿ ತನ್ನದೇ ಲೆಕ್ಕದ ಪುಸ್ತಕಗಳನ್ನು ಬಿಚ್ಚಿ 2018ರಲ್ಲಿ ಒಂದು ವರದಿ ಪ್ರಕಟಿಸಿತು. ಗುಲಾಮಗಿರಿಯ ಲಾಭ ಉಂಡವರ ದಾನಗಳೂ ದಕ್ಷಿಣದ ಬ್ಯಾಂಕುಗಳಲ್ಲಿ ಹೂಡಿದ ಹಣವೂ ತನ್ನನ್ನು ಬೆಳೆಸಿದ್ದವೆಂದು ಒಪ್ಪಿಕೊಂಡಿತು. 2019ರಲ್ಲಿ ಅದರ ಪ್ರಾಯಶ್ಚಿತ್ತಕ್ಕೆ 2.76 ಕೋಟಿ ಡಾಲರ್ ತೆಗೆದಿಟ್ಟಿತು. ಅದೇ ವರ್ಷ ವರ್ಜೀನಿಯಾದ ಸೆಮಿನರಿಯೊಂದು ಇದೇ ಉದ್ದೇಶಕ್ಕೆ 17 ಲಕ್ಷ ಡಾಲರ್ ಮೀಸಲಿಟ್ಟಿತು. ಅವರ ಎದೆಗಾರಿಕೆ ಮೆಚ್ಚತಕ್ಕದ್ದೇ. ಆದರೆ ಹಣ ಬಂದ ದಿನ ಅದನ್ನು ಬೇಡವೆನ್ನುವವರು ಯಾರೂ ಇರಲಿಲ್ಲವೇ? ಗುಲಾಮಗಿರಿ ಪಾಪವೆಂದು ಪಾಠಕೋಣೆಯಲ್ಲಿ ಗಟ್ಟಿಯಾಗಿ ಹೇಳಬೇಕಾದವರ ಊಟದ ತಟ್ಟೆಯಲ್ಲೇ ಆ ಹಣವಿದ್ದಾಗ ದನಿ ಎಲ್ಲಿಂದ ಬರಬೇಕು?

ಅಸಲು ಪ್ರಶ್ನೆ ಇಲ್ಲಿದೆ. ದಾನಿ ಕಟ್ಟಡಕ್ಕೆ ತನ್ನ ಹೆಸರು ಕೇಳಿದರೆ ಹೋಗಲಿ ಎನ್ನಬಹುದು. ಯಾವ ಪಾಠ ಹೇಳಬೇಕು, ಯಾವುದರ ಬಗ್ಗೆ ಸುಮ್ಮನಿರಬೇಕು ಎಂಬುದನ್ನು ಆತ ಬಾಯಿಬಿಟ್ಟು ಕೇಳುವುದು ಅಪರೂಪ. ಕೇಳಬೇಕಾಗಿಯೂ ಇಲ್ಲ. ಅವನಿಗೆ ಬೇಸರವಾದೀತೆಂಬ ಅಂಜಿಕೆಯೇ ಆ ಕೆಲಸ ಮಾಡಿ ಮುಗಿಸುತ್ತದೆ. ಈ ಅಂಜಿಕೆ ಮೊದಲು ಹೊಕ್ಕುವುದು ಚಂದಾ ಎತ್ತುವವನ ಮನಸ್ಸಿಗೆ, ಅಲ್ಲಿಂದ ಅಧ್ಯಕ್ಷರ ಕೋಣೆಗೆ, ಕೊನೆಗೆ ತರಗತಿಗೆ. ಹಾಗಾಗಿ ಅಭ್ಯರ್ಥಿಯನ್ನು ಕೇಳಬೇಕಾದ ಪ್ರಶ್ನೆ, 'ಎಷ್ಟು ತಂದಿರಿ?' ಎಂಬುದಕ್ಕಿಂತ ಮೊದಲು, 'ಯಾವುದನ್ನು ಬೇಡವೆಂದು ಮರಳಿಸಿದಿರಿ?' ಎಂಬುದು. ಸಮಿತಿ ತನ್ನನ್ನೂ ಕೇಳಿಕೊಳ್ಳಬೇಕು: ನಾಳೆ ಈತ ದೊಡ್ಡ ಮೊತ್ತವೊಂದನ್ನು ಮರಳಿಸಿ ಬಂದರೆ ನಾವು ಬೆನ್ನು ತಟ್ಟುತ್ತೇವೆಯೇ, ಮನೆಗೆ ಕಳುಹಿಸುತ್ತೇವೆಯೇ? ವರ್ಷದ ಗುರಿ ಹೊರಿಸಿ, ಗುರಿ ತಪ್ಪಿದರೆ ಕೆಲಸವಿಲ್ಲ ಎಂದವರು ಆಮೇಲೆ ಅವನ ಪ್ರಾಮಾಣಿಕತೆಯನ್ನು ದೂರುವ ಹಕ್ಕು ಕಳೆದುಕೊಳ್ಳುತ್ತಾರೆ.

ಬೇಡವೆನ್ನುವ ಶಕ್ತಿ ಉಪದೇಶದಿಂದಷ್ಟೇ ಬರುವುದಿಲ್ಲ, ದಾನಿಗಳ ಸಂಖ್ಯೆಯಿಂದಲೂ ಬರುತ್ತದೆ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರು ಸ್ವಿಟ್ಜರ್‌ಲೆಂಡ್‌ನಲ್ಲಿ ವಾರಕ್ಕೊಂದು ಪುಡಿಕಾಸಿನಂತೆ ಮನೆಮನೆಯಿಂದ ಚಂದಾ ಎತ್ತುವ ಕ್ರಮ ಬೆಳೆಸಿದ್ದರು. ಅರ್ಧ ಬಾಟ್ಜೆನ್ ಎಂಬ ಆ ಕಾಸಿನ ಹೆಸರೇ ಆ ಚಂದಾಕ್ಕೂ ಇತ್ತು. 1866ರಲ್ಲಿ ಶುರುವಾದ ದೇವಬಂದ್‌ನ ದಾರುಲ್ ಉಲೂಮ್‌ಗೆ ಮೌಲಾನಾ ಖಾಸಿಂ ನಾನೌತವಿಯವರು ಬರೆದ ಎಂಟು ನಿಯಮಗಳ ಧ್ವನಿಯೂ ಇದೇ. ಖಚಿತ ಆದಾಯ ಬಂದರೆ ದೇವರ ಮೇಲಿನ ಭರವಸೆ ಸಡಿಲವಾದೀತು, ಸರಕಾರ ಮತ್ತು ಶ್ರೀಮಂತರ ಕೈ ಸೇರಿದರೆ ಹಾನಿಯಾದೀತು ಎಂದು ಅವರು ಎಚ್ಚರಿಸಿದ್ದರು. ಸಾವಿರ ಜನ ನೂರು ನೂರು ಕೊಟ್ಟಲ್ಲಿ ಒಬ್ಬ ಮುನಿಸಿಕೊಂಡರೆ ಅಡುಗೆಮನೆಯ ಒಲೆ ಆರುವುದಿಲ್ಲ. ಒಬ್ಬನೇ ಒಂದು ಲಕ್ಷ ಕೊಟ್ಟಲ್ಲಿ ಅವನು ಕೆಮ್ಮಿದರೂ ಸಂಸ್ಥೆಗೆ ಜ್ವರ.

ಇದೆಲ್ಲ ದೂರದ ಸೆಮಿನರಿಗಳ ಚಿಂತೆ ಎಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ರಮಝಾನ್ ಬಂತೆಂದರೆ ರಸೀದಿ ಪುಸ್ತಕ ಹಿಡಿದು ಬಿಸಿಲಲ್ಲಿ ಅಂಗಡಿ ಅಂಗಡಿ ಹತ್ತಿಳಿಯುವ ಸಫೀರ್‌ಗಳನ್ನು ನಾವೆಲ್ಲ ಬಲ್ಲೆವು. ಅವರಲ್ಲಿ ಕೆಲವರು ದುಡಿಯುವುದು ಕಮಿಷನ್‌ಗೆ. ಅವರನ್ನು ಸಂಶಯದಿಂದ ನೋಡುವುದು ಸುಲಭ. ಅವರಿಗೆ ಮರ್ಯಾದೆಯ ಸಂಬಳ ಗೊತ್ತುಮಾಡಿ, ವರ್ಷದ ಲೆಕ್ಕವನ್ನು ಮಸೀದಿಯ ಗೋಡೆಗೆ ಅಂಟಿಸಿ, ಇಂಥವರ ಹಣ ನಮಗೆ ಬೇಡವೆಂದು ಮೊದಲೇ ತೀರ್ಮಾನಿಸಿ ಕಳುಹಿಸುವುದು ಕಷ್ಟ. ಆ ಕಷ್ಟ ಆಡಳಿತ ಸಮಿತಿಯ ಪಾಲಿನದು. ಸೆಮಿನರಿಯಾಗಲಿ, ಮದ್ರಸವಾಗಲಿ, ಅದು ಕಲಿಸುವ ಧರ್ಮವನ್ನು ಊರಿನ ಜನ ಮೊದಲು ಓದುವುದು ಅದರ ಗ್ರಂಥಗಳಲ್ಲಲ್ಲ, ಮನೆ ಬಾಗಿಲಿಗೆ ಬಂದು ನಿಂತ ಆ ಮನುಷ್ಯನ ಮುಖದಲ್ಲಿ.