ಸಂಕಲ್ಪಹಿಂಸೆ ಮತ್ತು ಆಹಾರ

ಜೈನ ದರ್ಶನವು ಹಿಂಸೆಯನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ: ಜೀವಿಯ ದೇಹಕ್ಕೆ ಒದಗುವ ಘಾತವು ದ್ರವ್ಯಹಿಂಸೆ, ಕೊಲ್ಲುವವನ ಮನಸ್ಸಿನಲ್ಲಿ ಅದಕ್ಕೂ ಮೊದಲೇ ಹುಟ್ಟುವ ಕ್ರೌರ್ಯವು ಭಾವಹಿಂಸೆ. ಹೊಯ್ಸಳರ ಆಸ್ಥಾನಕವಿ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯು ಈ ಎರಡನೆಯದನ್ನೇ ಕಥೆಯ ತಿರುಳಾಗಿಸಿಕೊಂಡಿದೆ, ನಿಜವಾದ ಪ್ರಾಣಿಯನ್ನು ಬಲಿಕೊಡಲು ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ದೇವಿಗೆ ಅರ್ಪಿಸುತ್ತಾನೆ, ಆ ಸಂಕಲ್ಪಮಾತ್ರದಿಂದಲೇ ತಾಯಿ ಮಗ ಇಬ್ಬರೂ ಹಲವು ಜನ್ಮಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ, ಹತರಾಗಿ, ನರಳುತ್ತಾರೆ. ಹಿಟ್ಟಿನ ಕೋಳಿಗೇ ಇಷ್ಟು ಫಲವಾದರೆ, ನೋವನ್ನು ಅರಿತು ಕೂಗುವ ಕೋಳಿಯ ವಿಷಯದಲ್ಲಿ ಹೇಳುವುದೇನು?

ಸಸ್ಯಕ್ಕೂ ಜೀವವಿದೆಯೆಂಬ ಆಕ್ಷೇಪವು ಜೈನರಿಗೆ ಹೊಸದಲ್ಲ, ಅವರೇ ಅದನ್ನು ಖಚಿತವಾಗಿ ಹೇಳಿದವರು. ಆದರೆ ಸ್ಪರ್ಶವೊಂದನ್ನೇ ಬಲ್ಲ ಸಸ್ಯವು ಏಕೇಂದ್ರಿಯ ಜೀವಿ, ಕುರಿ ಕೋಳಿಗಳು ಐದು ಇಂದ್ರಿಯಗಳುಳ್ಳ ಪಂಚೇಂದ್ರಿಯ ಜೀವಿಗಳಾದ್ದರಿಂದ, ಹಿಂಸೆಯನ್ನು ಪೂರ್ಣವಾಗಿ ತೊರೆಯಲಾಗದ ಗೃಹಸ್ಥನು ಅದನ್ನು ಆದಷ್ಟು ಕಡಿಮೆ ಮಾಡಿಕೊಳ್ಳಬೇಕೆಂಬುದು ಅವರ ನಿಲುವು. ಈ ವಾದವು ಕುಲದ ಮೇಲರಿಮೆಯನ್ನು ಆಧರಿಸಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಸಸ್ಯಾಹಾರವನ್ನು ಜಾತಿಯ ಗುರುತಾಗಿಸಿ ಅನ್ಯರನ್ನು ಹೀಗಳೆಯುವುದೂ ಭಾವಹಿಂಸೆಯೇ. ಮಾಂಸವಿಲ್ಲದೆಯೂ ಹೊಟ್ಟೆ ತುಂಬಿಸಿಕೊಳ್ಳಬಲ್ಲವನಿಗೆ ರುಚಿಯಲ್ಲದೆ ಬೇರೆ ಕಾರಣ ಉಳಿಯುವುದಿಲ್ಲ; ಒಂದು ಪ್ರಾಣವನ್ನು ತೆಗೆಯಲು ಅದು ಸಾಲದು.